ತಾನೇ ಪಡೆದುಕೊಂಡ ಹೆಸರು

ಲೋಕವು ಫ್ರೆಡ್ಡಿ ಮರ್ಕ್ಯುರಿ ಎಂದು ಕೊಂಡಾಡಿದ ಗಾಯಕನಿಗೆ ತಾಯ್ತಂದೆಗಳು ಇಟ್ಟ ಹೆಸರು ಫರೋಖ್ ಬುಲ್ಸಾರಾ. ಆತನು 1946ನೆಯ ಇಸವಿಯಲ್ಲಿ ಜಾಂಜಿಬಾರ್ ದ್ವೀಪದ ಪಾರಸಿ ಮನೆತನದಲ್ಲಿ ಹುಟ್ಟಿದನು. ಎಂಟು ವರ್ಷದ ಆ ಬಾಲಕನನ್ನು ಹೆತ್ತವರು ಕಡಲಾಚೆಗೆ, ಸಹ್ಯಾದ್ರಿಯ ಪಂಚಗಣಿಯಲ್ಲಿರುವ ಸೇಂಟ್ ಪೀಟರ್ಸ್ ವಸತಿಶಾಲೆಗೆ ಕಳುಹಿಸಿದರು. ಅಂಥ ಅಗಲಿಕೆಯ ಭಾರವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿ ಆತನು ಪಿಯಾನೊ ಕಲಿತು ನಾಲ್ಕನೆಯ ಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಗೆಳೆಯರೊಡನೆ ‘ಹೆಕ್ಟಿಕ್ಸ್’ ಎಂಬ ಮೇಳವನ್ನು ಕಟ್ಟಿದನು. ‘ಫ್ರೆಡ್ಡಿ’ ಎಂಬುದೂ ಒಡನಾಡಿಗಳು ಅಲ್ಲಿಯೇ ಕರೆದ ಹೆಸರು.

1964ರಲ್ಲಿ ಜಾಂಜಿಬಾರಿನಲ್ಲಿ ಕ್ರಾಂತಿಯುಂಟಾಗಲು, ಕುಟುಂಬವು ಮನೆಮಾರುಗಳನ್ನು ತೊರೆದು ಇಂಗ್ಲೆಂಡಿಗೆ ಹೋಯಿತು. ಫ್ರೆಡ್ಡಿಯು ಈಲಿಂಗಿನ ಕಲಾಶಾಲೆಯಲ್ಲಿ ಚಿತ್ರವಿನ್ಯಾಸವನ್ನು ಅಭ್ಯಸಿಸಿ 1969ರಲ್ಲಿ ಪೂರೈಸಿದನು. ಮರುವರ್ಷ ಹುಟ್ಟಿದ ಮೇಳಕ್ಕೆ ‘ಕ್ವೀನ್’ ಎಂದು ಹೆಸರಿಟ್ಟವನೂ, ಮೇಳದ ನಾಲ್ವರ ಜನ್ಮರಾಶಿಗಳನ್ನು ಕೂಡಿಸಿ ಅದರ ಲಾಂಛನವನ್ನು ಬರೆದವನೂ ಆತನೇ. ಆ ದಿನಗಳಲ್ಲಿಯೇ ತನಗೆ ಮರ್ಕ್ಯುರಿ ಎಂಬ ಹೆಸರನ್ನು ಇಟ್ಟುಕೊಂಡನು.

ಇದು ವಂಚನೆಯಲ್ಲವೇ ಎಂದು ಕೆಲವರು ಕೇಳಬಹುದು. ನಾವು ಹಾಗೆ ಎಣಿಸುವುದಿಲ್ಲ. ರಂಗದ ಮೇಲೆ ಅರಸನಂತೆ ಮೆರೆದವನು ಸ್ವಭಾವದಿಂದ ಸಂಕೋಚಪಡುವವನು. ಹೆಚ್ಚಿನ ನಾಲ್ಕು ಹಲ್ಲುಗಳಿಂದ ಬಾಯಿ ಮುಂಚಾಚಿದ್ದರೂ, ಕಂಠವು ಕೆಟ್ಟೀತೆಂದು ಅಂಜಿ ಅವನ್ನು ಕೀಳಿಸಲಿಲ್ಲ. ಚೆಲುವಿಗಿಂತ ಕಂಠವೇ ಆತನಿಗೆ ಹೆಚ್ಚಾಗಿತ್ತು. ಹೊಸ ಹೆಸರು ಆ ಸಂಕೋಚವನ್ನು ದಾಟಲು ಕಟ್ಟಿದ ಸೇತುವೆ. ಅದಕ್ಕೆ ಕಲ್ಲುಗಳಾದವು ಶಾಲೆಗಳಲ್ಲಿ ಕಲಿತ ಸಂಗೀತವೂ ಚಿತ್ರಕಲೆಯೂ. 1991ರಲ್ಲಿ ಏಡ್ಸ್ ರೋಗದಿಂದ ಆತನು ತೀರಿಕೊಂಡಾಗ, ಅಂತ್ಯಕ್ರಿಯೆಯನ್ನು ಪಾರಸಿ ಪುರೋಹಿತರೇ ನಡೆಸಿದರು. ಹೊಸ ಹೆಸರು ಹಳೆಯ ಮನೆಯನ್ನು ಅಳಿಸಲಿಲ್ಲ.

ಹೆತ್ತವರೇ, ಸಂಕೋಚದ ಮಗುವಿನಲ್ಲಿ ದೇವರು ಇಟ್ಟಿರುವ ತಲಾಂತನ್ನು ನೆಲದಲ್ಲಿ ಹೂಳಿಡದಿರಿ ಎಂಬುದೇ ನಮ್ಮ ಬಿನ್ನಹ.