ಚಂಚಲ ಗಾಳಿಯ ನಷ್ಟ: ಕಣದಿಂದ ಅನಿಲ ಟರ್ಬೈನಿಗೆ

ಸುರಪುರ ಸೀಮೆಯ ಕಣದಲ್ಲಿ ಜೋಳದ ರಾಶಿ ತೂರುವ ರೈತನು ಗಾಳಿಯನ್ನು ಸರಾಸರಿಯಿಂದ ಅಳೆಯುವುದಿಲ್ಲ. ಬೀಸು ಒಮ್ಮೆಲೇ ಜೋರಾದರೆ ಹೊಟ್ಟಿನೊಡನೆ ಕಾಳೂ ಹಾರುತ್ತದೆ. ಸಡಿಲಾದರೆ ಹೊಟ್ಟು ಕಾಳಿನಲ್ಲೇ ಉಳಿಯುತ್ತದೆ. ಏರಿಳಿತವೇ ನಷ್ಟಕ್ಕೆ ಮೂಲವೆಂಬ ಈ ತಿಳಿವಳಿಕೆಯಿಂದ ಅನಿಲ ಟರ್ಬೈನಿನ ಒಳಹರಿವಿನ ವಿವೇಚನೆಯನ್ನು ಆರಂಭಿಸಬಹುದು. ಜನಪದರಿಗೆ ಟರ್ಬೈನ್ ತಿಳಿದಿತ್ತೆಂದು ಸಾಧಿಸುವ ಉದ್ದೇಶ ಈ ಲೇಖನಕ್ಕಿಲ್ಲ.

ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆಗೆ 1989ರಲ್ಲಿ ಮಂಜೂರಾದ ಕಾವೇರಿ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತುವ ಹಂತಗಳು ಒಂಬತ್ತು: ಮುಂಭಾಗದ ಫ್ಯಾನಿನಲ್ಲಿ ಮೂರು, ಅದರ ಹಿಂದಿನ ಕಂಪ್ರೆಸರಿನಲ್ಲಿ ಆರು. 81 ಕಿಲೋನ್ಯೂಟನ್ ಒತ್ತುಬಲದ ಗುರಿ ಈಡೇರದೆ, 2008ರಲ್ಲಿ ಅದನ್ನು ತೇಜಸ್ ಯೋಜನೆಯಿಂದ ಬೇರ್ಪಡಿಸಲಾಯಿತು. ಇದಕ್ಕೆ ಕಾರಣಗಳು ಹಲವು. ಹರಿವಿನ ನಷ್ಟವೊಂದರ ಮೇಲೆಯೇ ಅದನ್ನು ಹೊರಿಸಲಾಗದು. ಆದರೆ ಇಂಥ ಯಂತ್ರದಲ್ಲಿ ಸಣ್ಣ ನಷ್ಟಗಳು ಹಂತಹಂತಕ್ಕೂ ಕೂಡುತ್ತವೆ.

ಪ್ರತಿ ಹಂತದಲ್ಲಿಯೂ ತಿರುಗುವ ಅಲಗುಗಳ ಒಂದು ಸಾಲು, ನಿಂತ ಅಲಗುಗಳ ಒಂದು ಸಾಲು ಇರುತ್ತವೆ. ಪ್ರತಿ ಅಲಗೂ ತನ್ನ ಹಿಂದೆ ಮಂದಗತಿಯ ಗಾಳಿಯ ಪಟ್ಟಿಯೊಂದನ್ನು ಬಿಟ್ಟುಹೋಗುತ್ತದೆ. ಉದಾಹರಣೆಗೆ, ನಿಮಿಷಕ್ಕೆ 12,000 ಸುತ್ತು ತಿರುಗುವ ಚಕ್ರದಲ್ಲಿ 60 ಅಲಗುಗಳಿದ್ದರೆ, ಸೆಕೆಂಡಿಗೆ 12,000 ಪಟ್ಟಿಗಳು ಒಂದೇ ಬಿಂದುವನ್ನು ಹಾದುಹೋಗುತ್ತವೆ. ಸಾಮಾನ್ಯ ಒತ್ತಡನಳಿಗೆಯು ಇವೆಲ್ಲವನ್ನೂ ಕಲಸಿ ಒಂದು ಸರಾಸರಿಯನ್ನಷ್ಟೇ ತೋರಿಸುತ್ತದೆ.

ಆದ್ದರಿಂದಲೇ ಸೂಕ್ಷ್ಮ ಶಲಾಕೆಯ, ಎಂದರೆ ತುದಿಯೊಳಗೇ ಸಿಲಿಕಾನ್ ಸಂವೇದಕವಿರುವ ಕಡ್ಡಿಯಂಥ ಮಾಪಕದ, ಅಗತ್ಯವುಂಟಾಯಿತು. ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಅಂಥದೊಂದು ಶಲಾಕೆಯ ತುದಿಯ ವ್ಯಾಸ 1.8 ಮಿಲಿಮೀಟರ್. ಕಡ್ಡಿ ದಪ್ಪವಾದರೆ ಅಳೆಯಬೇಕಾದ ಹರಿವನ್ನೇ ಕೆಡಿಸುತ್ತದೆ. ಧ್ವನಿಮುದ್ರಣಯಂತ್ರ ಕಂಡೊಡನೆ ಹಾಡಿನ ಧಾಟಿ ಬದಲಾಗುವುದನ್ನು ಬಲ್ಲ ಕ್ಷೇತ್ರಕಾರ್ಯಕರ್ತರಿಗೆ ಈ ತೊಡಕು ಹೊಸದಲ್ಲ. ಸಂವೇದಕವನ್ನು ದೂರವಿಟ್ಟು ನಳಿಗೆಯನ್ನು ಸಪೂರ ಮಾಡಿದರೆ ವೇಗದ ಏರಿಳಿತಗಳು ನಳಿಗೆಯೊಳಗೇ ವಿಕಾರಗೊಳ್ಳುತ್ತವೆ. ಮೇಲಾಗಿ, ದಹನಕೋಶದ ಹಿಂದಿನ ಕಾವನ್ನು ಸಿಲಿಕಾನ್ ತಾಳದು. ಹೀಗಾಗಿ ಟರ್ಬೈನಿನ ಭಾಗವನ್ನು ಬಹುಮಟ್ಟಿಗೆ ಕಡಿಮೆ ಉಷ್ಣತೆಯ ಪರೀಕ್ಷಾಯಂತ್ರಗಳಲ್ಲಿ ಅಳೆಯುತ್ತಾರೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕ್ಷಣಮಾತ್ರದ ಒತ್ತಡದ ಕುಸಿತವೆಲ್ಲವೂ ನಷ್ಟವಲ್ಲ. ಅಸ್ಥಿರ ಹರಿವಿನಲ್ಲಿ ಶಕ್ತಿಯು ಒಂದು ಅನಿಲಭಾಗದಿಂದ ಮತ್ತೊಂದಕ್ಕೆ ಸರಿಯಬಲ್ಲದು. ಅದು ಹಂಚಿಕೆ, ಹಾನಿಯಲ್ಲ. ನಿಜವಾದ ನಷ್ಟದ ಗುರುತು ಎಂಟ್ರೊಪಿಯ ಹೆಚ್ಚಳವೆಂಬುದನ್ನು ಕೇಂಬ್ರಿಜ್‌ನ ಜಾನ್ ಡೆಂಟನ್ 1993ರ ಪ್ರಬಂಧದಲ್ಲಿ ವಿಶದಪಡಿಸಿದರು. ಅದನ್ನು ಲೆಕ್ಕಹಾಕಲು ಒತ್ತಡ ಹಾಗೂ ಉಷ್ಣತೆ ಎರಡನ್ನೂ ಅದೇ ಕ್ಷಣದಲ್ಲಿ ಅಳೆಯಬೇಕು. ಕಷ್ಟವಿರುವುದು ಇಲ್ಲಿಯೇ, ಏಕೆಂದರೆ ಉಷ್ಣತಾಮಾಪಕಗಳು ಸಾಮಾನ್ಯವಾಗಿ ಒತ್ತಡಮಾಪಕಗಳಿಗಿಂತ ನಿಧಾನ.

ದಾಖಲೆಗಳನ್ನು ಓದುವ ಕ್ರಮವು ಹಂತಿಯ ಪದಗಳ ಪಾಠಾಂತರಗಳನ್ನು ಹೋಲಿಸಿದಂತೆಯೇ ಇದೆ. ನೂರಾರು ಸುತ್ತುಗಳ ದಾಖಲೆಗಳನ್ನು ಒಂದರ ಮೇಲೊಂದು ಹೊಂದಿಸಿದಾಗ, ಮರಳಿ ಮರಳಿ ಬರುವುದು ಅಲಗಿನ ಗುರುತು. ಉಳಿದುದರಲ್ಲಿ ಹೆಚ್ಚಿನದು ಪ್ರಕ್ಷುಬ್ಧತೆ. ಆ ಉಳಿಕೆಯನ್ನು ಕಸವೆಂದು ಗುಡಿಸಿಹಾಕುವಂತಿಲ್ಲ. ಅಲಗಿನ ಹಿಂದಿನ ಪಟ್ಟಿಯು ಸುತ್ತಲಿನ ಹರಿವಿನಲ್ಲಿ ಬೆರೆಯುವಾಗಿನ ನಷ್ಟವು ಪ್ರಕ್ಷುಬ್ಧತೆಯ ಮೂಲಕವೇ ನಡೆಯುತ್ತದೆ.