ಕಾರಿನಲ್ಲಿ ಕಿರಾಅತ್ ಕೇಳುವವರಿಗೆ

ಕಾರಿನಲ್ಲಿ ಕುರ್‌ಆನ್ ಪಾರಾಯಣ ಕೇಳುವಾಗ, ಖಾರಿಯವರು ಉಸಿರಿಗಾಗಿ ನಿಲ್ಲಿಸಿದ ಕ್ಷಣದಲ್ಲಿ ಸ್ಪೀಕರಿನಿಂದ 'ಸ್‌ಸ್' ಎಂಬ ಸದ್ದು ಬರುತ್ತಿದೆಯೇ? ಅದರಲ್ಲಿ ಆಂಪ್ಲಿಫಯರಿನ ಪಾಲೆಷ್ಟೆಂದು ತಿಳಿಸುವುದೇ ಸಿಗ್ನಲ್-ನಾಯ್ಸ್ ಅನುಪಾತ. ಡೆಸಿಬಲ್‌ನಲ್ಲಿ ಹೇಳುವ ಈ ಅಂಕೆ ಹೆಚ್ಚಿದ್ದಷ್ಟೂ ಒಳ್ಳೆಯದು.

ಆದರೆ ಅಂಕೆಗೆ ಮರುಳಾಗಬೇಡಿ. ಎಷ್ಟು ವ್ಯಾಟಿನಲ್ಲಿ ಅಳೆದದ್ದೆಂದು ಕೇಳಿ. 100 ವ್ಯಾಟಿನ ಪೂರ್ಣ ಶಕ್ತಿಯಲ್ಲಿ 100 ಡೆಸಿಬಲ್ ತೋರಿಸುವ ಯಂತ್ರ 1 ವ್ಯಾಟಿನಲ್ಲಿ ತೋರಿಸುವುದು 80 ಮಾತ್ರ! ಸಿಇಎ-2006 ಎಂಬ ಅಮೆರಿಕದ ಮಾನದಂಡದಲ್ಲಿ ಅಳತೆ 1 ವ್ಯಾಟಿನಲ್ಲೇ. ಅದರ ಪ್ರಕಾರ 85 ಇರುವ ಯಂತ್ರ ಮೇಲಿನ 100ಕ್ಕಿಂತ ಉತ್ತಮ. ಮನೆಮಂದಿಯೊಂದಿಗೆ ಮೆಲುದನಿಯಲ್ಲಿ ಕೇಳಲು 1 ವ್ಯಾಟೇ ಧಾರಾಳ. ಮದುವೆ ದಿಬ್ಬಣದವರ ಮಾತು ಬೇರೆ.

ಎಂಜಿನ್ ವೇಗದೊಂದಿಗೆ ಏರುವ 'ಕುಂಯ್' ಶಬ್ದಕ್ಕೆ ಈ ಅಂಕೆ ಉತ್ತರವಲ್ಲ. ಅದು ಹೆಚ್ಚಾಗಿ ಅರ್ತ್ ತಂತಿಯ ದೋಷ. ಹೊಸ ಆಂಪ್ಲಿಫಯರಿಗೆ ಹಣ ಸುರಿಯುವ ಮೊದಲು, ಬಣ್ಣ ಕೆರೆದ ಬರಿ ಲೋಹಕ್ಕೆ ಆ ತಂತಿಯನ್ನು ಬಿಗಿಯಾಗಿ ಕಟ್ಟಿಸಿ ನೋಡಿ.