ತಾಯಿಯ ವಯಸ್ಸೂ ಶಿಶುವಿನ ಜನ್ಮವೈಕಲ್ಯವೂ

ಅಂಗದೋಷವುಳ್ಳ ಕೂಸೊಂದು ಹುಟ್ಟಿತೆಂದರೆ, ನಮ್ಮ ನಂಜನಗೂಡಿನ ಕಡೆಯಲ್ಲಾಗಲಿ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಕಡೆಯಲ್ಲಾಗಲಿ, ಹಿರಿಯ ಹೆಂಗಸರು ಕೇಳುವ ಮೊದಲ ಮಾತು, ಬಸುರಿಯು ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳೇ ಎಂಬುದು. ಎರಡನೆಯದು, ಇದು ಎಷ್ಟನೆಯ ಹೆರಿಗೆ ಎಂಬುದು. ಎರಡರಲ್ಲಿಯೂ ತಪ್ಪು ತಾಯಿಯ ತಲೆಗೇ ಬರುತ್ತದೆ. ಗ್ರಹಣಕ್ಕೂ ಸೀಳುತುಟಿಗೂ ಏನೊಂದು ಸಂಬಂಧವೂ ಇಲ್ಲವಾದ ಕಾರಣ ಅದನ್ನು ಅಲ್ಲಿಗೇ ಬಿಡೋಣ. ಎರಡನೆಯ ಪ್ರಶ್ನೆಯಾದರೋ ವಿಚಾರಾರ್ಹವಾದುದು.

ಬೀಜದ ಯಾವ ಭಾಗವು ಕೆಡುವುದೋ ಅದರಿಂದಾಗುವ ಅವಯವವೇ ವಿಕಾರ ಹೊಂದುವುದೆಂದು ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಹೇಳಿದೆ. ಹದಿನಾರು ತುಂಬದ ಹುಡುಗಿಯು ಇಪ್ಪತ್ತೈದು ತುಂಬದ ಗಂಡಿನಿಂದ ಗರ್ಭ ಧರಿಸಿದರೆ ಗರ್ಭವು ನಿಲ್ಲದು, ಹುಟ್ಟಿದರೂ ಬಹುಕಾಲ ಬಾಳದು, ಬಾಳಿದರೂ ದುರ್ಬಲೇಂದ್ರಿಯವಾಗುವುದೆಂಬುದು ಸುಶ್ರುತನ ಮತ. ಇಷ್ಟಿದ್ದರೂ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆಯಲು ಮೈಸೂರು ಸಂಸ್ಥಾನವು 1894ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು! ಶಾಸ್ತ್ರವನ್ನು ಕಂಠಪಾಠ ಮಾಡಿದವರಿಗೂ ಬೇಕಾದಾಗ ಅದು ನೆನಪಾಗುವುದಿಲ್ಲ.

ಲೋಕದಲ್ಲಿ ಹುಟ್ಟುವ ನೂರು ಶಿಶುಗಳಲ್ಲಿ ಎರಡು ಮೂರಕ್ಕೆ ಯಾವುದಾದರೊಂದು ದೊಡ್ಡ ಜನ್ಮದೋಷವಿರುತ್ತದೆ. ಇವುಗಳಲ್ಲಿ ತಾಯಿಯ ವಯಸ್ಸಿನೊಡನೆ ಸ್ಪಷ್ಟವಾದ ಸಂಬಂಧವುಳ್ಳದ್ದು ಡೌನ್ ಸಿಂಡ್ರೋಮ್. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಇದರ ಲಕ್ಷಣಗಳನ್ನು 1866ರಲ್ಲಿ ವರ್ಣಿಸಿದನು. ಇಂಥ ಮಕ್ಕಳು ಅನೇಕವೇಳೆ ದೊಡ್ಡ ಸಂಸಾರದ ಕಡೆಯ ಕೂಸುಗಳಾಗಿದ್ದುದನ್ನು ಕಂಡ ಆ ಕಾಲದ ಪಂಡಿತರು, ಹಡೆದು ಹಡೆದು ಗರ್ಭಾಶಯವು ಬಳಲಿರುವುದೇ ಕಾರಣವೆಂದು ಊಹಿಸಿದರು. ನಮ್ಮ ಅಜ್ಜಿಯರ ಊಹೆಯೂ ಇದೇ. ಆದರೆ ಕಡೆಯ ಕೂಸನ್ನು ಹೆರುವಾಗ ತಾಯಿಗೆ ವಯಸ್ಸೂ ಆಗಿರುತ್ತದಷ್ಟೆ? ಈ ಎರಡನ್ನೂ ಬೇರ್ಪಡಿಸಿ ನೋಡಿದವನು ಲಯೊನೆಲ್ ಪೆನ್ರೋಸ್. ತಾಯಿಯ ವಯಸ್ಸು ಸಮನಾಗಿದ್ದರೆ ಹೆರಿಗೆಯ ಸಂಖ್ಯೆಯಿಂದ ವ್ಯತ್ಯಾಸವಿಲ್ಲ, ತಂದೆಯ ವಯಸ್ಸೂ ಮುಖ್ಯವಲ್ಲ, ತಾಯಿಯ ವಯಸ್ಸೇ ಮುಖ್ಯವೆಂದು ಆತನು 1933–34ರಲ್ಲಿ ಲೆಕ್ಕ ಹಾಕಿ ತೋರಿಸಿದನು.

ಇದರ ಮೂಲವು 1959ರಲ್ಲಿ ತಿಳಿಯಿತು. ನಮ್ಮ ಕೋಶಗಳಲ್ಲಿ 46 ವರ್ಣತಂತುಗಳಿರಬೇಕಾದಲ್ಲಿ, ಈ ಮಕ್ಕಳಿಗೆ 21ನೆಯದು ಒಂದು ಹೆಚ್ಚಾಗಿ 47 ಇರುತ್ತವೆ. ಹೆಣ್ಣಿನ ಅಂಡಗಳೆಲ್ಲವೂ ಆಕೆ ತನ್ನ ತಾಯಿಯ ಗರ್ಭದಲ್ಲಿರುವಾಗಲೇ ಸಿದ್ಧವಾಗಿ, ವಿಭಜನೆಯ ನಡುವೆ ನಿಂತು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕಾಯುತ್ತವೆ. ಕಾಯುವ ಕಾಲವು ಬೆಳೆದಂತೆಲ್ಲ, ಜೋಡಿ ತಂತುಗಳು ಸರಿಯಾಗಿ ಬೇರೆಯಾಗದೆ ಎರಡೂ ಒಂದೇ ಕಡೆ ಸೇರುವ ಸಂಭವವು ಹೆಚ್ಚುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಸುಮಾರು 1500 ಹೆರಿಗೆಗೆ ಒಂದು, ಮೂವತ್ತರಲ್ಲಿ 900ಕ್ಕೆ ಒಂದು, ಮೂವತ್ತೈದರಲ್ಲಿ 350ಕ್ಕೆ ಒಂದು, ನಲವತ್ತರಲ್ಲಿ 100ಕ್ಕೆ ಒಂದು. ಅಂದರೆ ನಲವತ್ತರ ತಾಯಿಗೂ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಈ ಭಯವಿಲ್ಲ. ಇನ್ನೊಂದು ವಿಷಯ: ಹೆರುವವರಲ್ಲಿ ಚಿಕ್ಕ ವಯಸ್ಸಿನವರೇ ಅಧಿಕರಾದುದರಿಂದ ಇಂಥ ಮಕ್ಕಳಲ್ಲಿ ಹೆಚ್ಚಿನವರು ಮೂವತ್ತೈದರೊಳಗಿನ ತಾಯಂದಿರಿಗೇ ಹುಟ್ಟುತ್ತಾರೆ. ಪ್ರಸವಪೂರ್ವ ಪರೀಕ್ಷೆಯ 1994ರ ಕಾಯಿದೆಯು, ಲಿಂಗವನ್ನು ತಿಳಿಸುವುದನ್ನು ನಿಷೇಧಿಸಿ, ದೋಷಪರೀಕ್ಷೆಗೆ ಅನುಮತಿಯಿರುವ ಕಾರಣಗಳಲ್ಲಿ ಮೂವತ್ತೈದು ಮೀರಿದ ವಯಸ್ಸನ್ನೂ ಸೇರಿಸಿದೆ.

ಎಲ್ಲ ದೋಷಗಳೂ ವಯಸ್ಸಿನೊಡನೆ ಏರುವವೆಂದು ತಿಳಿಯಕೂಡದು. ಹೊಕ್ಕುಳ ಪಕ್ಕದಲ್ಲಿ ಹೊಟ್ಟೆಯ ಗೋಡೆ ಬಿಟ್ಟು ಕರುಳು ಹೊರಬರುವ ದೋಷವು ಇಪ್ಪತ್ತು ತುಂಬದ ತಾಯಂದಿರ ಶಿಶುಗಳಲ್ಲಿಯೇ ಹೆಚ್ಚು. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಪದ್ಧತಿಯ ಪರಿಣಾಮವು ಯಾವ ವಯಸ್ಸಿನಲ್ಲಿಯೂ ತಪ್ಪಿದ್ದಲ್ಲ; ಹುಟ್ಟುಕಿವುಡು ಅದರಲ್ಲೊಂದು. ಅನುಮಾನವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎಳೆಗೂಸಿನ ಕಿವಿಯನ್ನು ಪರೀಕ್ಷಿಸುತ್ತಾರೆ.

ಹಾಗಾದರೆ ಹಿಂದಿನ ಹೆರಿಗೆಗಳಿಗೆ ಬೆಲೆಯಿಲ್ಲವೇ? ಉಂಟು. ಆದರೆ ಎಷ್ಟು ಹೆತ್ತಳೆಂಬುದಕ್ಕಿಂತ ಹೆತ್ತ ಮಗುವಿಗೆ ಏನಾಗಿತ್ತೆಂಬುದೇ ವೈದ್ಯರಿಗೆ ಮುಖ್ಯ. ಬೆನ್ನುಹುರಿಯು ಮುಚ್ಚದೆ ಹುಟ್ಟಿದ ಮಗುವೊಂದು ಹಿಂದೆ ಇದ್ದರೆ, ಮುಂದಿನದಕ್ಕೂ ಹಾಗಾಗುವ ಸಂಭವವು ಇತರರಿಗಿಂತ ಬಹಳ ಹೆಚ್ಚು. ಅಂಥ ತಾಯಂದಿರಿಗೆ ಫೋಲಿಕ್ ಆಮ್ಲವನ್ನು ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ ಈ ದೋಷವು ನೂರಕ್ಕೆ 3.5ರಿಂದ 1ಕ್ಕೆ ಇಳಿಯಿತೆಂದು 1991ರಲ್ಲಿ ಪ್ರಕಟವಾಯಿತು. ಇವರಿಗೆ ಬೇಕಾದ ಪ್ರಮಾಣವು ದಿನಕ್ಕೆ 4 ಮಿಲಿಗ್ರಾಂ. ಅದನ್ನು ವೈದ್ಯರೇ ಹೇಳಬೇಕು. ಉಳಿದವರಿಗೆ ಅದರ ಹತ್ತನೆಯ ಒಂದು ಪಾಲು ಸಾಕು.

ಬೆನ್ನುಹುರಿಯಾಗುವ ನಾಳವು ಗರ್ಭಧಾರಣೆಯಾದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆಗ ಮುಟ್ಟು ನಿಂತು ಎರಡು ವಾರವಾಗಿರಬಹುದು. ಎಷ್ಟೋ ಮಂದಿಗೆ ಬಸುರೆಂದೇ ತಿಳಿದಿರುವುದಿಲ್ಲ. ಮೂರನೆಯ ತಿಂಗಳಲ್ಲಿ ತಾಯಿ ಕಾರ್ಡು ಮಾಡಿಸುವಾಗ ಸಿಗುವ ಮಾತ್ರೆಯು ಈ ದೋಷದ ಮಟ್ಟಿಗೆ ಹೊತ್ತು ಮೀರಿದುದು. ಮಗು ಬೇಕೆಂದು ಗಂಡಹೆಂಡಿರು ನಿಶ್ಚಯಿಸಿದ ತಿಂಗಳಿನಿಂದಲೇ ಅದನ್ನು ಕೇಳಿ ಪಡೆಯತಕ್ಕದ್ದು.